ನೆಟ್ಟಗೆ ನಿಲ್ಲಿಸಿದ ಪ್ರಾಣಿ

ಮೊಣಕೈ ಎರಡೂ ಹೊರಗೆ ಚಾಚಿವೆ, ಎಡಗಡೆಯದು ತುಸು ಹೆಚ್ಚು, ಭುಜದ ಭಾರವೆಲ್ಲ ಅಂಗೈಗೆ ಇಳಿಯುತ್ತಿದೆ — ಅಯ್ಯೋ, ಅಪ್ಪನನ್ನೂ ಹೀಗೇ ಅಳೆಯುತ್ತಿದ್ದೇನಲ್ಲ, ವಾಕರ್ ಹಿಡಿದು ಸಭಾಂಗಣದೊಳಗೆ ಬಂದೇಬಿಟ್ಟರು, ಬರಬೇಡಿ ಸುಸ್ತಾಗತ್ತೆ ಅಂದಿದ್ದೆ, ಸುಸ್ತು ಬರೀ ನೆಪ, ಪಕ್ಕದಲ್ಲಿ ಮ್ಯೂಸಿಯಂ ನಿರ್ದೇಶಕರಿದ್ದಾರೆ, ಅತಿಥಿಗಳಿದ್ದಾರೆ, ನಡುವೆ ನನ್ನ ಪ್ರಾಣಿ, ಕೋಟಿಗಟ್ಟಲೆ ವರ್ಷಗಳ ಹಿಂದೆ ಸತ್ತದ್ದು, ನಾನು ಮೂಳೆಗೆ ಮೂಳೆ ಜೋಡಿಸಿ ನಿಲ್ಲಿಸಿದ್ದು, ಕುದುರೆಯ ಹಾಗೆ ನೆಟ್ಟಗೆ. ಅದು ಹಾಗೆ ನಿಂತಿರಲೇ ಇಲ್ಲ. ಮುಂಗಾಲಿನ ಕೀಲನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಮೂಳೆಗಳು ಒಂದಕ್ಕೊಂದು ಕೂತದ್ದು ಮೊಣಕೈ ಪಕ್ಕಕ್ಕೆ ಚಾಚಿದಾಗ ಮಾತ್ರ, ಮಡಕೆಗೆ ಅದರದೇ ಮುಚ್ಚಳ ಕೂತ ಹಾಗೆ, ಪಕ್ಕೆಲುಬೂ ಅದನ್ನೇ ಹೇಳಿತು, ಇಷ್ಟು ತೆಳುವಾದದ್ದು ನೆಟ್ಟಗಿನ ಕಾಲಿನ ಒತ್ತಡ ತಾಳದು, ಆದರೆ ನಿರ್ದೇಶಕರು ನೋಡಿ, ಏನ್ರೀ ಇದು, ಹಲ್ಲಿ ಥರ ಇದೆ, ಸ್ವಲ್ಪ ಗತ್ತಿರ್ಲಿ ಅಂದರು, ನಾನು ಹಲ್ಲುಗಿಂಜಿ ಮೊಣಕೈಗಳನ್ನು ಒಳಗೆ ತಳ್ಳಿದೆ, ಕೀಲು ಬಾಯಿಬಿಟ್ಟಲ್ಲಿ ಮೇಣ ತುಂಬಿದೆ. ಈಗ ಎಲ್ಲರೂ ಭೇಷ್ ಅನ್ನುತ್ತಿದ್ದಾರೆ, ನಾನು ಗಿಳಿಪಾಠ ಒಪ್ಪಿಸುತ್ತಿದ್ದೇನೆ, ಮೊಣಕೈ ಒಳಗಿದ್ದರೆ ಎಷ್ಟು ಘನತೆ ನೋಡಿ, ಚಾಚಿಕೊಂಡರೆ ಬರೀ ತೆವಳುವ ಜಂತು — ಅಪ್ಪ ತಲೆದೂಗುತ್ತಿದ್ದಾರೆ, ಮಗಳ ಮಾತೆಂದರೆ ವೇದವಾಕ್ಯ — ಟಕ್ ಟಕ್, ವಾಕರ್ ಹತ್ತಿರ ಬಂತು, ಅಂಗಿಯ ಗುಂಡಿ ಒಂದು ತಪ್ಪಿ ಹಾಕಿದ್ದಾರೆ, ಯಾರಿವ್ರು, ನಿರ್ದೇಶಕರ ಪ್ರಶ್ನೆ, ಈ ಹಾಳು ನಾಲಿಗೆ, ಗೊತ್ತಿರೋರು ಸರ್, ಅಂದುಬಿಟ್ಟಿತು. ಗೊತ್ತಿರೋರು. ನನ್ನ ಮೂಗೂ ಅವರದೇ, ಮೂಳೆ ಓದುವ ಇಷ್ಟು ಜನರ ಕಣ್ಣಿಗೆ ಕಾಣದೇ ಇರುತ್ತದೆಯೇ, ಅಪ್ಪನಿಗೆ ಕೇಳಿಸದಿದ್ದರೆ ಸಾಕು — ಕೇಳಿಸಿತು, ನಕ್ಕರು, ಹೂಂ ಸರ್, ಮೇಡಂ ನಂಗೂ ಗೊತ್ತು, ಚೆನ್ನಾಗಿ ನಿಲ್ಸಿದೀರ ಮೇಡಂ, ಬರ್ತೀನಿ. ಹುಟ್ಟಿದಾಗಿನಿಂದ ಪುಟ್ಟಿ ಅಂದ ಬಾಯಲ್ಲಿ ಮೇಡಂ. ನಾಚಿಕೆಗೆ ಮೈಯೆಲ್ಲ ಸುಡುತ್ತಿದೆ, ಭೂಮಿ ಬಾಯಿಬಿಡಬಾರದೇ, ಅಪ್ಪಾ ಅನ್ನು, ಈಗಲಾದರೂ ಅನ್ನು, ಇನ್ನೂ ಬಾಗಿಲು ದಾಟಿಲ್ಲ, ನಿರ್ದೇಶಕರು ಏನೋ ಕೇಳುತ್ತಿದ್ದಾರೆ, ಹೂಂ ಅನ್ನುತ್ತಿದ್ದೇನೆ, ವಾಕರ್ ನಡುಗುತ್ತಿದೆ, ಬರುವಾಗ ನಡುಗಿರಲಿಲ್ಲವಲ್ಲ, ಯಾಕೆ — ಮೊಣಕೈ, ಅಪ್ಪ ಮೊಣಕೈ ಒಳಗೆಳೆದುಕೊಂಡಿದ್ದಾರೆ, ಎರಡನ್ನೂ ಪಕ್ಕೆಗೆ ಒತ್ತಿ, ಎಲ್ಲರೆದುರು ನೆಟ್ಟಗೆ ಕಾಣಲೆಂದು, ಬೀಳ್ತೀರಿ ಅಪ್ಪಾ, ಚಾಚಿಕೊಳ್ಳಿ, ಬಾಯಿಂದ ಹೊರಡುತ್ತಿಲ್ಲ, ಒಂದು ಹೆಜ್ಜೆ, ಮೊಣಕೈ ಪಕ್ಕೆಗೆ ಒತ್ತಿ, ಇನ್ನೊಂದು ಹೆಜ್ಜೆ, ಮೊಣಕೈ ಪಕ್ಕೆಗೆ ಒತ್ತಿ