ಟೊಪಗಿ ಸಾಹೇಬನ ಸೂತಕ

ಮಂದಿಯ ಮನೆಯಲ್ಲಿ ಬಳಗದವರು ಸತ್ತರೆ ಸೂತಕ ಹಿಡಿಯುತ್ತಾರೆ. ನಮ್ಮ ಶೇಡಬಾಳದ ಮನೆಯಲ್ಲಿ ಹಿಡಿದದ್ದು ಅಮೆರಿಕದ ಒಬ್ಬ ಕುದುರೆ ಸವಾರನಿಗೆ. ಅದೂ ಯಾವಾಗ? ಮಗಳು ತೃಪ್ತಿಯ ಸಾಕರಪುಡಾ, ಅಂದರೆ ನಿಶ್ಚಿತಾರ್ಥ, ಬರುವ ಐತವಾರಕ್ಕೆ ನಿಕ್ಕಿಯಾಗಿ, ಗಂಡಿನವರಿಗೆ ಕೊಡಬೇಕಾದ ಸಕ್ಕರೆ ಪೊಟ್ಟಣಕ್ಕೆ ಬಣ್ಣದ ಕಾಗದ ಕೂಡ ತಂದಿಟ್ಟ ಮೇಲೆ! ಇದಕ್ಕೆ ಹಣೆಬರಹ ಅನ್ನಬೇಕೋ, ಗಂಡ ಅನ್ನಬೇಕೋ, ನನಗಂತೂ ತಿಳಿಯಲಿಲ್ಲ.

ಹುಡುಗ ನಿಪ್ಪಾಣಿಯವನು, ಶ್ರೇಣಿಕ. ತಂಬಾಕಿನ ವ್ಯಾಪಾರದ ಮನೆ. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದ ತೃಪ್ತಿ ಇವನನ್ನು ನೋಡಿದ ದಿನವೇ ಅಡುಗೆಮನೆಗೆ ಬಂದು, "ಮಮ್ಮಿ, ಇಂವಾ ಆದ್ರ ಆತು, ಇಲ್ಲಂದ್ರ ನನಗ ಲಗ್ನಾನ ಬ್ಯಾಡ" ಅಂದಿದ್ದಳು. ತೊಡಕೆಂದರೆ ಹುಡುಗನ ಅಪ್ಪ ತಾತ್ಯಾಸಾಹೇಬರು. ದೊಡ್ಡ ಮಗನಿಗೆ ನೋಡಿದ ಹೆಣ್ಣಿನವರು ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದರೆಂದು ಕೂಡಿದ ಸಂಬಂಧವನ್ನೇ ಮುರಿದ ಮನುಷ್ಯ. ಅಂಥವರ ಮುಂದೆ ಹೋಗಿ, "ಟಿ.ವಿ.ಯೊಳಗಿನವನು ಸತ್ತಿದ್ದಾನೆ, ಕಾರ್ಯ ಮುಂದೆ ಹಾಕೋಣ" ಅನ್ನುವುದು ಹೇಗೆ?

ಆ ಟಿ.ವಿ.ಯೊಳಗಿನವನ ಹೆಸರು ವೆಸ್ಲಿ ಹಾರ್ಗ್ರೋವ್. ಓಣಿಯ ಬಾಯಿಗೆ ಅದು ಹಿಡಿಸಲಿಲ್ಲ, ಹಾಗಾಗಿ ತಲೆಯ ಮೇಲಿನ ಅಗಲ ಟೊಪ್ಪಿಗೆ ನೋಡಿ ಟೊಪಗಿ ಸಾಹೇಬ. ಎರಡು ಸಾವಿರದ ಎರಡನೇ ಇಸವಿಯ ಸುಮಾರಿಗೆ ಕೇಬಲ್‌ನವನು ಐತವಾರ ಸಂಜೆಯ ಹೊತ್ತು ಒಂದು ಹಳೇ ಕಪ್ಪು-ಬಿಳುಪು ಧಾರಾವಾಹಿ ಹಾಕಲು ಶುರುಮಾಡಿದ. ಒಣ ಊರು, ಕಟ್ಟಿಗೆ ಮನೆ, ಕುದುರೆ, ಪಿಸ್ತೂಲು. ಊರಿಗೆ ಇವನೇ ಫೌಜದಾರ. ತುಟಿ ಇಂಗ್ಲಿಷಿನಲ್ಲಿ ಆಡುತ್ತಿತ್ತು, ದನಿ ಹಿಂದಿಯಲ್ಲಿ ಬರುತ್ತಿತ್ತು. ನಮ್ಮ ಪಡಸಾಲೆಯಲ್ಲಿ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಕರೆಂಟು ಹೋದರೆ ಯಾರೂ ಎದ್ದು ಹೋಗುತ್ತಿರಲಿಲ್ಲ, ಮುಂದೇನಾಗುತ್ತದೆ ಅಂತ ಅಲ್ಲೇ ಜಗಳ.

ನಮ್ಮವರ ಮಾತು ಕೇಳಲೇಬೇಡಿ. ಹೆಸರು ಶ್ರೀಪಾಲ, ಕೆಲಸ ಮೋಟರ್ ರಿವೈಂಡಿಂಗ್. ಮಿರಜಿಗೆ ಹೋಗಿ ಅಂಥದ್ದೇ ಟೊಪಗಿ ತಂದರು. ಕುದುರೆ ಇಲ್ಲದ್ದಕ್ಕೆ ಲೂನಾ ಮೊಪೆಡ್. ಸುಟ್ಟ ಮೋಟರನ್ನು ಹಿಂದೆ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ ಊರಿನೊಳಗೆ ಬರುತ್ತಿದ್ದರೆ ನಾನು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಆ ಸಾಹೇಬ ಹೆಣ್ಣುಮಕ್ಕಳು ಎದುರಾದಾಗ ಟೊಪಗಿಗೆ ಎರಡು ಬೆರಳು ತಾಗಿಸಿ ತಲೆ ಬಾಗಿಸುತ್ತಿದ್ದನಲ್ಲ, ನನಗೂ ಒಳಗೊಳಗೇ ಹಿತವಾಗುತ್ತಿತ್ತು. ಇವರು ಟೊಪಗಿ ಕಲಿತರು, ಅದೊಂದನ್ನು ಮಾತ್ರ ಕಲಿಯಲಿಲ್ಲ.

ನಿಜವಾಗಿ ಅವನನ್ನು ಹಚ್ಚಿಕೊಂಡವರು ನಮ್ಮ ಅತ್ತೆ ಕಮಲಾಬಾಯಿ. ಅದೇ ವರ್ಷ ಮಾವನವರು ತೀರಿಕೊಂಡಿದ್ದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರೆ ತುತ್ತು ಎತ್ತುತ್ತಿರಲಿಲ್ಲ. ಹಿಂದಿ ಒಂದಕ್ಷರ ಬಾರದು. ಒಂದು ಐತವಾರ ಟಿ.ವಿ.ಯಲ್ಲಿ ಸಾಹೇಬ ಕತ್ತಲಾದ ಮೇಲೆ ಖಾನಾವಳಿಗೆ ಬಂದ. ಯಜಮಾನ್ತಿ ತಟ್ಟೆ ತಂದಿಟ್ಟಳು. ಇವನು ಬೇಡವೆಂದು ಕೈಯಾಡಿಸಿ ಕುದುರೆ ಹತ್ತಿದ. ಅತ್ತೆ ಗಕ್ಕನೆ ಈ ಕಡೆ ತಿರುಗಿದರು.

"ನೋಡಿದೇನ ನೀಲಮ? ಹೊತ್ತ ಮುಣಗಿದ ಮ್ಯಾಲ ಉಣ್ಣಲಿಲ್ಲ. ಇಂವಾ ನಮ್ಮಂವಾ, ಜೈನರಾಂವಾ!"

"ಅತ್ತಿ, ಅಂವಾ ಕಳ್ಳನ ಬೆನ್ನ ಹತ್ತ್ಯಾನರಿ, ಅದಕ್ಕ ಉಣ್ಣಲಿಲ್ಲ" ಅಂದೆ.

"ಮತ್ತ ಕೊಳ್ಳಾಗಿನ ಅರಿವಿ ಯಾತಕ್ಕ? ನೀರ ಸೋಸಾಕ! ಮೊದಲ ತಾಟ ಹಚ್ಚು, ಇನ್ನೂ ಬೆಳಕೈತಿ. ಅಂವಾ ಉಪವಾಸ ಹೊಂಟಾನ, ನಾವರ ಉಣ್ಣೂಣು."

ಆ ದಿನ ಅತ್ತೆ ಎರಡು ರೊಟ್ಟಿ ಉಂಡರು. ಮುಂದಿನ ಐತವಾರವೂ ಉಂಡರು. ಆಮೇಲೆ ಉಳಿದ ದಿನಗಳಲ್ಲೂ ಉಣ್ಣತೊಡಗಿದರು. ಹೀಗಿರುವಾಗ ಅವನು ಜೈನ ಅಲ್ಲವೆಂದು ವಾದ ಮಾಡಲು ನನಗೇನು ಹುಚ್ಚೇ? ಆಗಲಿ ಬಿಡು ಅಂದೆ. ಒಂದೆರಡು ವರ್ಷಕ್ಕೆ ಕೇಬಲ್‌ನವನು ಅದನ್ನು ನಿಲ್ಲಿಸಿದ, ನಾವೂ ಮರೆತೆವು. ಮರೆತೆವು ಅಂತ ನಾನು ತಿಳಿದಿದ್ದೆ.

ಹದಿನಾಲ್ಕನೇ ಇಸವಿಯ ಆ ಬುಧವಾರ ನಮ್ಮವರ ಮೊಬೈಲಿಗೆ ಒಂದು ವಾಟ್ಸಾಪ್ ಬಂತು. ಸಾಹೇಬನ ಫೋಟೊ, ಕೆಳಗೆ ಉರಿಯುವ ದೀಪ, ಅದರ ಕೆಳಗೆ ಇಂಗ್ಲಿಷಿನ ಉದ್ದ ಬರಹ. ಪೂರ್ತಿ ಓದುವ ತಾಳ್ಮೆ ಈ ಮನುಷ್ಯನಿಗೆಲ್ಲಿ? ದೀಪ ಕಂಡದ್ದೇ ಅಂಗಡಿ ಮುಚ್ಚಿ ಅಳುತ್ತ ಬಂದರು. "ಅವ್ವಾ, ಟೊಪಗಿ ಸಾಹೇಬ ಹೋದ್ನಬೇ!"

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಸ್ಪಷ್ಟವಾಗಿ ಅಂದರು: "ಹನ್ನೆರಡ ದಿನ ಮನ್ಯಾಗ ಸಿಹಿ ಮಾಡೂದಿಲ್ಲ. ಮಂಗಲ ಕಾರ್ಯ ಇಲ್ಲ."

"ಅತ್ತಿ, ಐತವಾರ ಸಾಕರಪುಡಾ ಐತ್ರೀ!"

"ಮನ್ಯಾಂವ ಸತ್ತಾಗ ಯಾವ ಸಾಕರಪುಡಾ?"

ನಾನು ಗಂಡನ ಮುಖ ನೋಡಿದೆ. ಅವರು ಅವ್ವನ ಮುಖ ನೋಡಿದರು, ಮತ್ತೆ ನೇರ ಫ್ಲೆಕ್ಸ್ ಅಂಗಡಿಗೆ ಹೋದರು. ಕೋತಿ ತಾನೂ ಕೆಟ್ಟಿತು, ವನವನ್ನೂ ಕೆಡಿಸಿತು. ಸಂಜೆಗೆ ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಟೊಪಗಿ ಸಾಹೇಬ, 'ಭಾವಪೂರ್ಣ ಶ್ರದ್ಧಾಂಜಲಿ'. ಫ್ಲೆಕ್ಸಿನವನು ಎಲ್ಲರಿಗೂ ಹಾಕುವಂತೆ ಕೆಳಗೆ 'ಶೋಕಾಕುಲ: ಶ್ರೀಪಾಲ ಮತ್ತು ಸಮಸ್ತ ಕುಟುಂಬ' ಅಂತ ಹಾಕಿ, ಮೂಲೆಯಲ್ಲಿ ನಮ್ಮವರ ಫೋಟೊನೂ ಅಂಟಿಸಿದ್ದ.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಓಣಿಯವರು ರೊಟ್ಟಿ, ಝುಣಕ ಕಟ್ಟಿಕೊಂಡು ಬಂದರು. ನಗುವವರು ನಕ್ಕರೆ ಸಹಿಸಬಹುದಿತ್ತು. ಒಬ್ಬರೂ ನಗಲಿಲ್ಲ! ಪಕ್ಕದ ಮನೆಯ ಸತ್ತೆವ್ವ ಅತ್ತೆಯನ್ನು ತಬ್ಬಿಕೊಂಡು, "ಎಷ್ಟ ಛಂದ ಕುದರಿ ಹತ್ತತಿದ್ನವ್ವಾ" ಎಂದು ದನಿ ತೆಗೆದು ಅತ್ತಳು. ತೃಪ್ತಿ ಒಳಕೋಣೆಯಲ್ಲಿ ಬೇರೆಯೇ ಅಳು ಅಳುತ್ತಿದ್ದಳು. ನನಗೆ ಅತ್ತೆಯ ಮೇಲೆ, ಗಂಡನ ಮೇಲೆ, ಆ ಕುದುರೆಯ ಮೇಲೂ ಸಿಟ್ಟು ಬಂದಿತ್ತು.

ಶುಕ್ರವಾರ ಮಧ್ಯಾಹ್ನ ಬಾಗಿಲಲ್ಲಿ ಜೀಪು ನಿಂತಿತು. ಫ್ಲೆಕ್ಸಿನ ಸುದ್ದಿ ನಿಪ್ಪಾಣಿಗೆ ಮುಟ್ಟಿತ್ತು. ತಾತ್ಯಾಸಾಹೇಬರು ಇಳಿದರು, ಹಿಂದೆ ಶ್ರೇಣಿಕ.

ತಾತ್ಯಾಸಾಹೇಬರು ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. "ಭಾಳ ವಾಯಿಟ್ ಆತು, ಕೆಟ್ಟ ಸುದ್ದಿ ಬೀಗರ. ತೀರಿಕೊಂಡಾವ್ರು ನಿಮಗ ಏನಾಗಬೇಕು?"

ಅತ್ತೆಯೇ ಮಾತಿಗೆ ನಿಂತರು. ಖಾನಾವಳಿ, ಬಿಟ್ಟೆದ್ದ ತಟ್ಟೆ, ಕೊರಳ ಅರಿವೆ, ಒಂದೂ ಬಿಡದೆ ಹೇಳಿದರು. ಮುಗಿಯಿತು ನನ್ನ ಮಗಳ ಬಾಳು ಅಂದುಕೊಂಡು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ತಾತ್ಯಾಸಾಹೇಬರು ಹುಬ್ಬು ಗಂಟಿಕ್ಕಿದರು. "ಆಯೀ, ಅಂವಾ ಕಾಲಾಗ ತೊಗಲಿನ ಬೂಟ ಹಾಕ್ಯಾನಲ್ಲರಿ. ಜೈನ ಹೆಂಗ ಆದಾನು?"

"ಆ ಊರಾಗ ಹಾವು ಭಾಳ ಅದಾವ."

"ಮತ್ತ ಗುಂಡ ಹೊಡೀತಾನಲ್ಲ? ಹಿಂಸಾ ಆತಲ್ಲ?"

"ಕೈಯಾಗಿನ ಪಿಸ್ತೂಲಿಗೆ ಹೊಡೀತಾನ, ಜೀವಾ ತಗೊಳ್ಳಾಂಗಿಲ್ಲ. ನೀವು ತಂಬಾಕ ಮಾರತೀರಿ, ಅದರಾಗ ಎಷ್ಟ ಮಂದಿ ಹೋಗ್ಯಾರ?"

ದೇವರೇ! ತಾತ್ಯಾಸಾಹೇಬರು ಚಾಪೆಯ ಅಂಚು ಮಡಚಿ ಬಿಚ್ಚಿದರು. ಆಮೇಲೆ, "ಆತು, ಜೈನಾನ ಅನ್ನೂಣು" ಅಂದರು. "ಖರೇನ ಸೂತಕ ಇದ್ರ ಐತವಾರ ಆಗಾಂಗಿಲ್ಲ. ಮುಂದ ಮುಹೂರ್ತ ಇಲ್ಲ, ನಾವು ಬ್ಯಾರೆ ಕಡೆ ನೋಡಬೇಕಾಗತೈತಿ. ಸಿಟ್ಟ ಮಾಡಬ್ಯಾಡ್ರಿ."

ಒಳಗೆ ತೃಪ್ತಿಯ ಬಿಕ್ಕು ಕೇಳಿಸಿತು. ಅದು ಶ್ರೇಣಿಕನಿಗೂ ಕೇಳಿಸಿತು. ನಮ್ಮವರ ಮೊಬೈಲ್ ಇಸಿದುಕೊಂಡು ಆ ಇಂಗ್ಲಿಷ್ ಬರಹ ಓದುತ್ತ ಕೂತಿದ್ದ ಹುಡುಗ ತಲೆ ಎತ್ತಿದ. "ಅಜ್ಜೀ, ಇವರು ಸತ್ತದ್ದು ಈಗಲ್ಲರಿ. ತೊಂಬತ್ತೊಂದ್ರಾಗ. ವಾಟ್ಸಾಪಿನಾಗ ಬಂದದ್ದು ಪುಣ್ಯತಿಥಿದು."

ನಾನು ಗಂಡನ ಕಡೆ ನೋಡಿದ ನೋಟಕ್ಕೆ ಮೋಟರ್ ಸುಡಬೇಕಿತ್ತು. ತಾತ್ಯಾಸಾಹೇಬರು ಮಾತ್ರ ನೆಟ್ಟಗೆ ಕೂತರು. "ಹಂಗಂದ್ರ ಹಾದಿ ಐತಿ ಆಯೀ. ಹನ್ನೆರಡ ದಿನ ದಾಟಿ ಸುದ್ದಿ ಬಂದ್ರ ಸೂತಕಿಲ್ಲ. ತಲಿ ಮ್ಯಾಲ ನೀರ ಹಾಕ್ಕೊಂಡ್ರ ಮುಗೀತು. ಹಿಂದಿನಿಂದ ಬಂದ ಪದ್ಧತಿ."

ಎಲ್ಲರೂ ಅತ್ತೆಯ ಮುಖ ನೋಡಿದೆವು. ಅತ್ತೆ ಯಾರನ್ನೂ ನೋಡಲಿಲ್ಲ. ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕಿದರು. ಆಮೇಲೆ ಗೋಡೆ ಹಿಡಿದು ಎದ್ದು, "ನೀಲಮ, ಬಿಸಿನೀರ ತಾ" ಎಂದು ಬಚ್ಚಲಿಗೆ ನಡೆದರು.

ನಾನು ಕೊಡ ಹೊತ್ತು ಹೋದಾಗ ಬಚ್ಚಲ ಕಲ್ಲಿನ ಮೇಲೆ ಕೂದಲು ಬಿಚ್ಚಿ ಕೂತಿದ್ದರು. ಮೂರು ದಿನದಿಂದ ಬೈದುಕೊಂಡಿದ್ದೆನಲ್ಲ, ಆ ಸಣ್ಣ ಬೆನ್ನು ನೋಡಿ, ನೀರು ತೀರ ಬಿಸಿಯಿಲ್ಲ ತಾನೇ ಎಂದು ಬೆರಳು ಅದ್ದಿ ನೋಡಿಕೊಂಡೆ.

"ತೊಂಬತ್ತೊಂದ್ರಾಗ ಸತ್ತಾನಂತ" ಅಂದರು. "ನಾವು ನೋಡೂಮುಂದ ಅಂವಾ ಸತ್ತ ಹನ್ನೊಂದ ವರ್ಷ ಆಗಿತ್ತು. ಸತ್ತ ಮ್ಯಾಲೂ ಐತವಾರಕೊಮ್ಮಿ ತಪ್ಪದ ನಮ್ಮನಿಗೆ ಬಂದ, ನನ್ನ ಉಣಿಸಿ ಹೋದ."

"ಹೌದ್ರಿ ಅತ್ತಿ."

"ನಿಮ್ಮ ಮಾವ ಒಂದ ಐತವಾರಾನೂ ಬರಲಿಲ್ಲ ನೋಡು" ಅಂದರು. ಆಮೇಲೆ ತಲೆ ಬಗ್ಗಿಸಿದರು. "ಹಾಕು ನೀರು. ಹೊರಗ ಬೀಗರು ಕುಂತಾರ."