ಕೆಂಪು ದೋಣಿಯ ನಂಬರು

ಲಂಡನ್ನಿನ ಕಾಲುವೆಗಳಲ್ಲಿ ನನ್ನಷ್ಟು ಚೆನ್ನಾಗಿ ದೋಣಿ ನಡೆಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನನ್ನು ನಾನೇ ನೀರಿಗೆ ತಳ್ಳಿರುತ್ತೇನೆ. ಲೈಮ್‌ಹೌಸಿನಿಂದ ಹರ್ಟ್‌ಫರ್ಡ್‌ವರೆಗೆ ಯಾವ ಬಾತುಕೋಳಿಯನ್ನಾದರೂ ನಿಲ್ಲಿಸಿ ಡೆನ್ಝಿಲ್ ಟಪ್ ಯಾರೆಂದು ಕೇಳಿ, ಮನೆ ಬಾಗಿಲಿನವರೆಗೆ ಬಂದು ಬಿಟ್ಟುಹೋಗುತ್ತದೆ. ಐವತ್ತೇಳು ಅಡಿ ಉದ್ದದ ನನ್ನ ನೀಲಿ ದೋಣಿಯನ್ನು ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತ ಇಸ್ಲಿಂಗ್ಟನ್ನಿನ ಸುರಂಗ ದಾಟಿಸಿದ್ದೇನೆ. ಚುಕ್ಕಾಣಿಯನ್ನು ಯಾವುದರಿಂದ ಹಿಡಿದಿದ್ದೆ ಎಂದು ಕೇಳಬೇಡಿ, ಮರ್ಯಾದಸ್ಥರೂ ಓದುವ ಕಥೆ ಇದು.

ದೋಣಿಯನ್ನೇ ಮನೆ ಮಾಡಿಕೊಂಡು ನೀರಿನ ಮೇಲೆ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ದೋಣಿ ಕಟ್ಟಲು ಸ್ವಂತ ಜಾಗ ಇಲ್ಲದ ನಮ್ಮಂಥವರಿಗೆ ಒಂದು ಕಟ್ಟಳೆ ಇದೆ: ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ದಂಡೆಯಲ್ಲಿ ನಿಲ್ಲುವಂತಿಲ್ಲ. ಜ್ವರ ಬಂದಿರಲಿ, ಮದುವೆ ಇರಲಿ, ಗೂಟ ಕಿತ್ತು ಹೊರಡಬೇಕು. ಕಾಲುವೆ ಕಚೇರಿಯ ಕ್ಲೈವ್ ಎಂಬ ಮನುಷ್ಯ ವಾರಕ್ಕೊಮ್ಮೆ ದಂಡೆಯುದ್ದಕ್ಕೂ ನಡೆದು ಯಾವ ದೋಣಿ ಎಲ್ಲಿದೆ ಎಂದು ಅದರ ಹಲಗೆಯ ಮೇಲಿನ ನಂಬರು ಬರೆದುಕೊಳ್ಳುತ್ತಾನೆ. ಅವನು ತಲೆ ಎತ್ತಿ ಮನುಷ್ಯರ ಮುಖ ನೋಡಿದ್ದನ್ನು ಕಂಡವರಿಲ್ಲ.

ಇಲ್ಲಿ ನಮ್ಮದೊಂದು ಪದ್ಧತಿಯನ್ನು ಹೇಳಬೇಕು. ಒಳ್ಳೆಯ ಜಾಗವನ್ನು ನಾವು ಖಾಲಿ ಬಿಟ್ಟು ಹೋಗುವುದಿಲ್ಲ. ಹೊರಡುವ ಹಿಂದಿನ ದಿನ ಬೇಕಾದವರಿಗೆ ಫೋನು ಮಾಡುತ್ತೇವೆ. ಹ್ಯಾಕ್ನಿಯಲ್ಲಿ ಹಳೆಯ ಸೋಪಿನ ಗೋದಾಮಿನ ಎದುರಿನ ದಂಡೆ ಅಂಥ ಒಳ್ಳೆಯ ಜಾಗ. ಪಕ್ಕದಲ್ಲೇ ನೀರಿನ ನಲ್ಲಿ, ಕೂಗಳತೆಯಲ್ಲಿ ಅಂಗಡಿ. ನನ್ನ ಹದಿನಾಲ್ಕು ದಿನ ಮುಗಿದರೆ ಮ್ಯೂರಿಯಲ್ ಬರುತ್ತಿದ್ದಳು, ಅವಳದು ಮುಗಿದರೆ ನಾನು. ನಾನು ಹಗ್ಗ ಬಿಚ್ಚುವುದರೊಳಗೆ ಅವಳ ಕೆಂಪು ದೋಣಿಯ ಮೂತಿ ಸೇತುವೆಯ ಕೆಳಗೆ ಇಣುಕುತ್ತಿತ್ತು. ಎರಡು ದೋಣಿಗಳನ್ನೂ ಒಂದು ಗಂಟೆ ಜೋಡಿಸಿ ಕಟ್ಟಿ, ಹುರಿದ ಹಂದಿಮಾಂಸ ಇಟ್ಟ ಬ್ರೆಡ್ಡು ತಿಂದು, ಒಬ್ಬರು ಹೊರಡುತ್ತಿದ್ದೆವು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಮ್ಯೂರಿಯಲ್‌ಗೆ ಎಪ್ಪತ್ತೊಂದು ವರ್ಷ. ನಾಟಕದ ಕಂಪನಿಗಳಿಗೆ ಬಟ್ಟೆ ಹೊಲಿದವಳು. ಎರಡು ನೂರು ರಾಜರ ಹೊಟ್ಟೆಯ ಅಳತೆ ತನಗೆ ಬಾಯಿಪಾಠ ಎನ್ನುತ್ತಿದ್ದಳು. ನನ್ನ ಕಥೆಗಳನ್ನು ಕೊನೆಯವರೆಗೆ ಕೇಳುತ್ತಿದ್ದವಳು ಇಡೀ ಕಾಲುವೆಯಲ್ಲಿ ಅವಳೊಬ್ಬಳೇ. ಟಾಟನ್‌ಹ್ಯಾಮಿನ ಬಳಿ ಮೊಸಳೆಯಷ್ಟು ದೊಡ್ಡ ಮೀನೊಂದು ನನ್ನ ದೋಣಿಯನ್ನು ಎರಡು ಮೈಲಿ ಎಳೆದುಕೊಂಡು ಹೋಯಿತು ಎಂದರೆ, ಸೂಜಿಗೆ ದಾರ ಪೋಣಿಸುತ್ತಲೇ, "ಸುಳ್ಳು. ಆಮೇಲೆ?" ಎನ್ನುತ್ತಿದ್ದಳು.

ಸೋಪಿನ ಗೋದಾಮು ಈಗ ಗೋದಾಮಲ್ಲ, ಗಾಜಿನ ಕಿಟಕಿಯ ಮನೆಗಳು. ನೀರು ಕಾಣುತ್ತದೆಂದು ಆಸೆಪಟ್ಟು ಕೊಂಡವರು ನೀರಿನ ಮೇಲೆ ಜನರೂ ಇರುತ್ತಾರೆ ಎಂದು ಆಮೇಲೆ ಕಂಡುಕೊಂಡರು. ಅವರ ನೆಲಮಹಡಿಯ ಕಿಟಕಿಗೂ ನಮ್ಮ ದೋಣಿಯ ಹೊಗೆಕೊಳವೆಗೂ ಒಂದೇ ಎತ್ತರ. ಆ ಕಿಟಕಿಯ ಹಿಂದೆ ಇದ್ದವಳು ಫೆನೆಲಾ ಗಾರ್ಸೈಡ್. ಒಂದು ಬೆಳಿಗ್ಗೆ ಮನೆ ಚಪ್ಪಲಿಯಲ್ಲೇ ಸೇತುವೆ ದಾಟಿ ಬಂದು ನನ್ನ ದೋಣಿಯ ಛಾವಣಿ ತಟ್ಟಿದಳು.

"ಟಪ್ ಅವರೇ, ನಿಮ್ಮ ಹೊಗೆ ನನ್ನ ಮಗಳ ಮಂಚದ ತನಕ ಬರುತ್ತೆ."

"ಏನ್ ಮಾಡ್ಲಿ ಮೇಡಂ, ನನ್ನ ಹೊಗೆಗೂ ಒಳ್ಳೆ ಮನೆ ನೋಡೋ ಆಸೆ."

"ತಮಾಷೆ ಬೇಡ. ಮಗೂಗೆ ಉಬ್ಬಸ ಇದೆ. ಒಣ ಸೌದೆ ಉರಿಸಿ ಅಂತ ಅಷ್ಟೇ ಕೇಳ್ತಿದೀನಿ."

"ಮೇಡಂ, ನಾವು ಇಲ್ಲಿ ಹೊಗೆ ಬಿಡ್ತಿದ್ದಾಗ ನಿಮ್ಮ ಮನೇಲಿ ಸೋಪಿನ ಪೆಟ್ಟಿಗೆ ಇತ್ತು. ನೀವು ಬಂದಿದ್ದು ಮೊನ್ನೆ."

ಅವಳು ಚಪ್ಪಲಿ ಬಡಿಯುತ್ತ ಸೇತುವೆ ದಾಟಿ ಹೋದಳು. ಗೆದ್ದೆ ಎಂದುಕೊಂಡೆ. ಗೆಲುವು ಸಾಲದೆಂದು ಅವತ್ತು ಸಂಜೆ ಹಸಿ ವಿಲೋ ಮರದ ತುಂಡುಗಳನ್ನೇ ಒಲೆಗೆ ತುಂಬಿದೆ. ಎಂಥ ಹೊಗೆ ಎದ್ದಿತೆಂದರೆ ವಿಮಾನಗಳು ಲಂಡನ್ ಕಾಣದೆ ಪ್ಯಾರಿಸ್ಸಿನಲ್ಲಿ ಇಳಿದವು. ಮರುದಿನ ಜಾಗ ಹಿಡಿಯಲು ಬಂದ ಮ್ಯೂರಿಯಲ್‌ಗೆ ನನ್ನ ಗೆಲುವಿನ ಕಥೆ ಹೇಳಿದೆ; ಅವಳು ಮೂಗು ಮುಚ್ಚಿಕೊಂಡೇ ಕೇಳಿದಳು:

"ಆ ಮಗು ನಿಂಗೇನ್ ಮಾಡಿತ್ತೋ?"

"ಹೊಗೆ ಹಾಕಿದ್ದು ಮಗೂಗಲ್ಲ ಕಣೇ, ಅವಳಮ್ಮಂಗೆ."

"ಹೊಗೆಗೆ ಅಮ್ಮ ಯಾರು ಮಗು ಯಾರು ಅಂತ ಗೊತ್ತಾಗುತ್ತಾ? ಮುದುಕ ಆದೆ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇದೆ."

ಅವಳು ಮಾತ್ರ ಹೊಗೆ ಬಾರದ ಕಲ್ಲಿದ್ದಲನ್ನೇ ಉರಿಸುತ್ತಿದ್ದಳು. ಫೆನೆಲಾಳ ಮಗುವಿಗೆ ನಾಟಕದ ರಾಣಿಯ ಹಳೆಯ ಉಡುಪಿನ ತುಂಡಿನಲ್ಲಿ ಒಂದು ಬೊಂಬೆ ಹೊಲಿದು ಕೊಟ್ಟು ಬಂದಳೆಂದು ಆಮೇಲೆ ತಿಳಿಯಿತು.

ಆ ಶರತ್ಕಾಲದಲ್ಲಿ ಮ್ಯೂರಿಯಲ್‌ಳ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಬೆಳಿಗ್ಗೆ ಆಸ್ಪತ್ರೆಯಲ್ಲಿ ಯಂತ್ರಕ್ಕೆ ರಕ್ತ ಕೊಟ್ಟು, ತೊಳೆಸಿ, ವಾಪಸು ಪಡೆಯಬೇಕು. ಸೋಪಿನ ಗೋದಾಮಿನ ಎದುರಿನ ದಂಡೆಯಿಂದ ಆಸ್ಪತ್ರೆಗೆ ಕೋಲೂರಿಕೊಂಡು ಹನ್ನೊಂದು ನಿಮಿಷ. ಹದಿನಾಲ್ಕು ದಿನಕ್ಕೊಮ್ಮೆ ಹೊರಟರೆ ಮೂರು ಬಸ್ಸು ಬದಲಿಸಬೇಕು, ಬರುವಾಗ ನಿಲ್ಲುವ ಶಕ್ತಿಯೂ ಇರುವುದಿಲ್ಲ. ಚಳಿಗಾಲ ಮುಗಿಯುವವರೆಗೆ ಅಲ್ಲೇ ನಿಲ್ಲಲು ಅನುಮತಿ ಬೇಕೆಂದು ಅವಳು ಕಚೇರಿಗೆ ಬರೆದಳು. ಎರಡು ಷರತ್ತು ಬಂದವು. ಅವಳ ದಾಖಲೆ ಶುದ್ಧವಾಗಿರಬೇಕು, ಎದುರಿನ ಮನೆಯವರು ತಕರಾರು ತೆಗೆಯಬಾರದು.

ದಾಖಲೆಯ ಚಿಂತೆ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹದಿನೈದನೆಯ ದಿನವನ್ನು ಅವಳು ಎಲ್ಲಿಯೂ ಕಂಡವಳಲ್ಲ. ಮನೆಯವರದೇ ಚಿಂತೆ. ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಕಚೇರಿಯವರು ಎರಡೂ ಕಡೆಯವರ ಸಭೆ ಕರೆದರು. ಒಂದು ಸಾಲಿನಲ್ಲಿ ಇಸ್ತ್ರಿ ಮಾಡಿದ ಕೋಟುಗಳು, ಇನ್ನೊಂದರಲ್ಲಿ ಡೀಸೆಲ್ ವಾಸನೆಯ ಸ್ವೆಟರುಗಳು, ನಡುವೆ ಬಿಸ್ಕತ್ತಿನ ತಟ್ಟೆ. ಮೂಲೆಯಲ್ಲಿ ಕ್ಲೈವ್, ಮೊಣಕಾಲ ಮೇಲೆ ಟಿಪ್ಪಣಿ ಪುಸ್ತಕ.

ಫೆನೆಲಾ ಎದ್ದಾಗ ನಾನು ಯುದ್ಧಕ್ಕೆ ತೋಳೇರಿಸಿದೆ. ಅವಳು ಹೇಳಿದ್ದು ಇಷ್ಟೇ:

"ಮ್ಯೂರಿಯಲ್ ಅವರ ಒಲೆಯಿಂದ ನಮಗೆ ಒಂದು ದಿನಾನೂ ತೊಂದರೆ ಆಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಇಂಜಿನ್ ಹಾಕದೆ ಇದ್ರೆ ಸಾಕು. ಅವರು ಇರಲಿ. ನಮ್ಮ ಕಡೆ ತಕರಾರಿಲ್ಲ."

ಮ್ಯೂರಿಯಲ್ ಕೋಲಿನ ಮೇಲೆ ಎರಡೂ ಕೈ ಇಟ್ಟು, "ಹತ್ತು ಗಂಟೆ ತನಕ ಹಾಕಲ್ಲಮ್ಮ," ಎಂದಳು. ಕ್ಲೈವ್ ಬರೆದುಕೊಂಡ. ಮುಗಿಯಿತು. ಅಲ್ಲಿಗೆ ಎದ್ದು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆಗ ಕೋಟುಗಳ ಸಾಲಿನಿಂದ ಒಬ್ಬ ನಿವೃತ್ತ ದಂತವೈದ್ಯ ಎದ್ದ. ಒಳ್ಳೆಯ ಮನುಷ್ಯನೇ. ಕಣ್ಣಲ್ಲಿ ನೀರು ಬೇರೆ.

"ನಾವು ಇವರ ಮೇಲೆ ಕನಿಕರ ತೋರಿಸ್ಬೇಕು. ಪಾಪ, ಹದಿನೈದು ದಿನಕ್ಕೊಂದ್ಸಲ ದನ ಅಟ್ಟಿದ ಹಾಗೆ ಅಟ್ತಾರೆ. ಬಾಯಿಲ್ಲದ ಜನ. ಈ ಟಪ್ ಅವರನ್ನೇ ನೋಡಿ, ಈ ವಯಸ್ಸಲ್ಲಿ..."

ನನ್ನನ್ನು ಕಳ್ಳ ಎಂದಿದ್ದಾರೆ, ಕೊಳಕ ಎಂದಿದ್ದಾರೆ, ಒಬ್ಬಳು ಕಾಲುವೆಯ ಇಲಿ ಎಂದಳು. ಅದೆಲ್ಲ ನನಗೆ ಬೆಣ್ಣೆ. ಪಾಪ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಎದ್ದು ನಿಂತೆ.

"ಪಾಪಾನಾ? ಯಾರಪ್ಪಾ ಪಾಪ? ನಮ್ಮನ್ನ ಯಾರೂ ಅಟ್ಟಲ್ಲ ದಂತದ ಡಾಕ್ಟ್ರೇ. ಹತ್ತೊಂಬತ್ತು ವರ್ಷದಿಂದ ನಾವು ಈ ಕ್ಲೈವಪ್ಪನ್ನ ಕುಣಿಸ್ತಿದೀವಿ! ಅವನು ಓದೋದು ನಂಬರು ತಾನೆ? ನಾನು ಮ್ಯೂರಿಯಲ್ ನಂಬರು ತಗುಲಿಸ್ಕೊಂಡು ಟಾಟನ್‌ಹ್ಯಾಮ್‌ಗೆ ಹೋಗ್ತೀನಿ. ಅವಳು ನನ್ನ ನಂಬರು ತಗುಲಿಸ್ಕೊಂಡು ಇಲ್ಲೇ ಕಾಲು ಚಾಚಿ ಮಲಗ್ತಾಳೆ. ಹದಿನಾಲ್ಕು ದಿನ ಆದ್ಮೇಲೆ ಮತ್ತೆ ಬದಲಿ. ಪುಸ್ತಕದಲ್ಲಿ ದೋಣಿ ಓಡ್ತಾ ಇರುತ್ತೆ, ನೀರಲ್ಲಿ ದೋಣಿ ಗೊರಕೆ ಹೊಡೀತಾ ಇರುತ್ತೆ!"

ಸಭಾಂಗಣ ನಗೆಯಿಂದ ಸಿಡಿಯಿತು. ಸ್ವೆಟರುಗಳೂ ನಕ್ಕವು, ಕೋಟುಗಳೂ ನಕ್ಕವು. ದಂತವೈದ್ಯ ತನ್ನ ಹಲ್ಲು ಮೂವತ್ತೆರಡನ್ನೂ ತೋರಿಸಿದ. ಅಂಥ ನಗೆಯನ್ನು ನಾನು ಜನ್ಮದಲ್ಲಿ ಗಳಿಸಿರಲಿಲ್ಲ. ಅದರ ಮೇಲೆ ಇನ್ನೂ ನಾಲ್ಕು ಸುಳ್ಳು ಹೇರಿದೆ: ಹಲಗೆ ಸಿಕ್ಕಿಸಲು ಕೊಕ್ಕೆ ಮಾಡಿಸಿದ್ದೇನೆ, ಒಮ್ಮೆ ಅವಸರದಲ್ಲಿ ತಲೆಕೆಳಗಾಗಿ ನೇತುಹಾಕಿದ್ದರೂ ಕ್ಲೈವ್ ಕತ್ತು ತಿರುಚಿಕೊಂಡು ಬರೆದುಕೊಂಡ, ಹೀಗೆ. ನಗದೆ ಇದ್ದವರು ಮೂವರು. ಮ್ಯೂರಿಯಲ್ ನನ್ನನ್ನು ನೋಡುತ್ತಿದ್ದಳು. ಫೆನೆಲಾ ಮ್ಯೂರಿಯಲ್‌ಳನ್ನು ನೋಡುತ್ತಿದ್ದಳು. ಕ್ಲೈವ್ ಬರೆಯುತ್ತಿದ್ದ.

ಹೊರಗೆ ಬಂದಾಗ ಮ್ಯೂರಿಯಲ್ ಕೇಳಿದಳು, "ಅವನು ಅದನ್ನೂ ಬರ್ಕೊಂಡ್ನಾ?"

"ಹುಚ್ಚಿ, ನನ್ನ ಮಾತು ಯಾರು ನಂಬ್ತಾರೆ?"

ನನ್ನ ಅರವತ್ತೆಂಟು ವರ್ಷದ ಬಾಳಿನಲ್ಲಿ ನನ್ನ ಮಾತನ್ನು ಯಾರೂ ನಂಬಿರಲಿಲ್ಲ. ನನಗೆ ಕಾಲು ಮುರಿದಾಗ ಅಂಬುಲೆನ್ಸಿನವರೂ ನಂಬಿರಲಿಲ್ಲ. ಕಚೇರಿ ನಂಬಿತು. ಸಭೆಯಾದ ಒಂಬತ್ತನೆಯ ದಿನ ಕಾಗದ ಬಂತು. ಹಳೆಯ ಪುಸ್ತಕಗಳನ್ನು ತೆಗೆದು ನೋಡಿದ್ದಾರೆ. ಸೋಪಿನ ಗೋದಾಮಿನ ಎದುರು ಒಮ್ಮೆ ನನ್ನ ನಂಬರು, ಒಮ್ಮೆ ಅವಳದು, ಮತ್ತೆ ನನ್ನದು, ಮತ್ತೆ ಅವಳದು, ವರ್ಷಗಟ್ಟಲೆ. ನಾನು ಹೇಳಿದ ಹಾಗೇ ಇದೆ! ಜಾಗ ಕೈಬದಲಿಸುವ ನಮ್ಮ ಪ್ರಾಮಾಣಿಕ ಪದ್ಧತಿಯೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು. ಅನುಮತಿ ಇಲ್ಲ. ಕಾಗದ ಸಿಕ್ಕ ಹದಿನಾಲ್ಕನೆಯ ದಿನ ಹೊರಡತಕ್ಕದ್ದು. ಇನ್ನೊಮ್ಮೆ ತಪ್ಪಿದರೆ ಅವಳ ಪರವಾನಗಿ ರದ್ದು.

ಕಚೇರಿಗೆ ಓಡಿದೆ. ಗಾಜಿನ ಆಚೆ ಕ್ಲೈವ್ ಕೂತಿದ್ದ.

"ಅದು ಸುಳ್ಳಪ್ಪಾ. ಬಾಯಿಗೆ ಬಂದಿದ್ದು ಒದರಿದೆ."

"ಸಭೇಲಿ ನೂರು ಜನರ ಎದುರಿಗೆ ಹೇಳಿದ್ರಿ ಸಾರ್."

"ಇದ್ದಿದ್ದು ಮೂವತ್ತೇ ಜನ." ಜನ್ಮದಲ್ಲಿ ಮೊದಲ ಸಲ ನಾನು ಸಂಖ್ಯೆಯನ್ನು ಇಳಿಸಿದ್ದು ಅವತ್ತೇ. "ನೋಡು, ನನ್ನ ದೋಣಿ ನೀಲಿ, ಅವಳದು ಕೆಂಪು. ನಂಬರು ಬದಲಿಸಿದ್ರೆ ಬಣ್ಣ ಬದಲಾಗುತ್ತಾ? ಹತ್ತೊಂಬತ್ತು ವರ್ಷ ಅವಳ ನಂಬರು ಕೆಂಪು ದೋಣಿ ಮೇಲೇ ಇತ್ತು. ನೀನೇ ನೋಡಿದೀಯಲ್ಲೋ!"

ಅವನು ಪರದೆಯನ್ನು ಮೇಲಿನಿಂದ ಕೆಳಗೆ ನೋಡಿದ. ಅವನಿಗೂ ಸಂಕಟವಾಗುತ್ತಿತ್ತೆಂದು ನನಗೆ ಕಂಡಿತು.

"ನಮ್ಮ ಪಟ್ಟೀಲಿ ಬಣ್ಣದ ಕಾಲಂ ಇಲ್ಲ ಸಾರ್."

"ಹಾಗಾದ್ರೆ ನನ್ನ ಪರವಾನಗಿ ಕಿತ್ಕೋ. ತಪ್ಪೊಪ್ಪಿಕೊಂಡವನು ನಾನು."

"ನೀವು ಯಾವ ಅನುಮತಿನೂ ಕೇಳಿಲ್ಲ. ನಿಮಗೆ ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೇ."

ಫೆನೆಲಾ ಕಚೇರಿಗೆ ಮೂರು ಸಲ ಬರೆದಳು. ಟಪ್ ಎಂಬ ಮನುಷ್ಯ ಪರಮ ಸುಳ್ಳುಗಾರ, ಇಡೀ ಕಟ್ಟಡಕ್ಕೆ ಗೊತ್ತು, ದಯವಿಟ್ಟು ನಂಬಬೇಡಿ ಎಂದು. ನನ್ನ ಬಗ್ಗೆ ಯಾರಾದರೂ ಬರೆದ ಅತಿ ಒಳ್ಳೆಯ ಮಾತು ಅದು. ನಿಮ್ಮದೇ ನಿವಾಸಿಗಳ ಸಂಘ ಹಿಂದೆ ಕೊಟ್ಟ ನಲವತ್ತು ದೂರುಗಳಲ್ಲೂ ದೋಣಿಯವರು ಕದಲುವುದೇ ಇಲ್ಲ ಎಂದಿದೆಯಲ್ಲ ಎಂದು ಉತ್ತರ ಬಂತು. ಆ ದೂರುಗಳಲ್ಲಿ ಅರ್ಧ ಅವಳೇ ಬರೆದಂಥವು. ದಂಡೆಯ ಮೇಲೆ ಆ ಕಾಗದ ಹಿಡಿದು ನಿಂತು ಕೇಳಿದಳು:

"ಆವತ್ತು ನೀವು ಹಸಿ ಸೌದೆ ಹಾಕದೆ ಇದ್ದಿದ್ರೆ ನಾನು ಬರೀತಿದ್ನಾ?"

ನನ್ನ ಛಾವಣಿಯ ಮೇಲೆ ಉಳಿದಿದ್ದ ಹಸಿ ವಿಲೋ ತುಂಡುಗಳನ್ನು ಒಂದೊಂದಾಗಿ ನೀರಿಗೆ ಎಸೆದೆ. 

ಹದಿನಾಲ್ಕನೆಯ ದಿನ ಮ್ಯೂರಿಯಲ್‌ಳ ಇಂಜಿನು ಹೊರಡಲೊಲ್ಲದು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೆಂಪು ದೋಣಿಯನ್ನು ದಂಡೆಯ ಮೇಲಿಂದ ನಾನೇ ಎಳೆದೆ. ಹದಿನೆಂಟು ಟನ್ನು. ಹತ್ತು ಕುದುರೆಯ ಕೆಲಸ ಎನ್ನಬಹುದಿತ್ತು, ಆದರೆ ನಿಂತ ನೀರಿನಲ್ಲಿ ದೋಣಿ ಮಗುವಿನ ಹಾಗೆ ಹಿಂದೆ ಬರುತ್ತದೆ, ಯಾರಾದರೂ ಎಳೆಯಬಹುದು. ಅವಳು ಕಂಬಳಿ ಹೊದ್ದು ಚುಕ್ಕಾಣಿ ಹಿಡಿದು ಕೂತಿದ್ದಳು. ಲೀ ನದಿಯವರೆಗೆ ಅವಳು ಆಡಿದ್ದು ಒಂದೇ ಮಾತು, "ಸೇತುವೆ, ತಲೆ ಬಗ್ಗಿಸು."

ಅಲ್ಲಿಂದ ಆಸ್ಪತ್ರೆಗೆ ಬಸ್ಸುಗಳು. ಮೊದಲ ವಾರ ಮೂರಕ್ಕೆ ಮೂರೂ ಹೋದಳು. ಎರಡನೆಯ ವಾರ ಎರಡು. ಮಂಜು ಬಿದ್ದ ವಾರ ಒಂದೇ. ಒಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲ ಮೇಲೆ ಕುಸಿದಳು. ದೋಣಿಗೆ ವಾಪಸು ಕಳಿಸುವುದಿಲ್ಲ ಎಂದು ಡಾಕ್ಟರು ಹಟ ಹಿಡಿದರು. ಲಂಡನ್ನಿನ ಇನ್ನೊಂದು ತುದಿಯ ಕ್ರಾಯ್ಡನ್‌ನಲ್ಲಿ, ಆರನೆಯ ಮಹಡಿಯಲ್ಲಿ ಅವಳಿಗೊಂದು ಕೋಣೆ ಕೊಟ್ಟರು. ಕೆಂಪು ದೋಣಿ ಮಾರಾಟವಾಯಿತು. ಕೊಂಡ ಜೋಡಿ ಅದಕ್ಕೆ ಬೂದು ಬಣ್ಣ ಹೊಡೆಸುತ್ತಾರಂತೆ.

ಅವಳು ಹೊರಟ ದಿನ ಮಧ್ಯಾಹ್ನ ಹೊಲಿಗೆ ಯಂತ್ರವನ್ನು ನಾನೇ ಹೊತ್ತು ಟ್ಯಾಕ್ಸಿಯಲ್ಲಿ ಇಟ್ಟೆ. ಬಾಗಿಲು ಹಿಡಿದುಕೊಂಡು ನಿಂತೆ.

"ಮ್ಯೂರಿಯಲ್, ಒಂದು ಮಾತು ಬೈಯೇ. ಬಾಯ್ತುಂಬ ಬೈದು ಹೋಗು."

"ಬೈದ್ರೆ ಅದನ್ನೂ ದೊಡ್ಡದು ಮಾಡ್ಕೊಂಡು ಊರೆಲ್ಲ ಹೇಳ್ಕೊಂಡು ಬರ್ತೀಯ. ಬಾಗಿಲು ಹಾಕು, ಚಳಿ."

ಹಾಕಿದೆ. ಎದುರಿನಿಂದ ಕಸದ ಲಾರಿ ಬಂದು ರಸ್ತೆ ಕಟ್ಟಿತ್ತು. ಟ್ಯಾಕ್ಸಿ ಐದು ನಿಮಿಷ ಅಲ್ಲೇ ನಿಂತಿತು. ಗಾಜಿನ ಈಚೆ ನಾನು, ಆಚೆ ಅವಳು, ನಡುವೆ ಒಂದು ಗೇಣು. ಆ ಐದು ನಿಮಿಷವೂ ಅವಳು ಲಾರಿಯನ್ನೇ ನೋಡುತ್ತ ಕೂತಿದ್ದಳು.