ಸುಂಕಲಮ್ಮ ಅಮೆರಿಕದವನಿಗೆ ಹೇಳಿದ್ದು

ಮೂರು ತಿಂಗಳು ಹೂಳಿನ ಬುಟ್ಟಿ ಹೊತ್ತು ಸುಂಕಲಮ್ಮನ ನೆತ್ತಿ ಅಂಗೈಯಗಲ ಬೋಳಾಗಿತ್ತು. ತಾಳಗುಂದದ ಕಡೆಯ ಆ ಕೆರೆಯಲ್ಲಿ ಕೂಲಿ ಅಂದರೆ ದುಡ್ಡಲ್ಲ, ಅಮೆರಿಕದ ಗೋಧಿ. ದಿನಕ್ಕೆ ಮೂರು ಸೇರು ಅಂತ ಸರ್ಕಾರದ ಮಾತು. ಕಂತ್ರಾಟುದಾರ ಶಿವಮೂರ್ತಪ್ಪನವರ ಕೈಯಲ್ಲಿ ಅದು ಎರಡಾಗುತ್ತಿತ್ತು. ಉಳಿದದ್ದು ಶಿಕಾರಿಪುರದ ಅವರದೇ ಅಂಗಡಿಯಲ್ಲಿ ಮಾರಾಟ. ಮಗುವಿಗೆ ಜ್ವರ ಬಂದರೆ ಗೋಧಿ ತಗೊಂಡು ಮಾತ್ರೆ ಕೊಡುವವರುಂಟೇ? ಅದಕ್ಕೂ ಅವರೇ ದಿಕ್ಕು. ಕೊಟ್ಟ ಗೋಧಿಯನ್ನೇ ಅರ್ಧ ಬೆಲೆಗೆ ವಾಪಸು ಕೊಳ್ಳುತ್ತಿದ್ದರು. ಎಂಥಾ ದಯಾವಂತರು!

ಏರಿಯ ಮೇಲೆ ‘ಅಮೆರಿಕದ ಜನರ ಕೊಡುಗೆ’ ಅಂತ ಬೋರ್ಡು ಬರೆದವನು ಪೇಟೆಯಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದ ಮುಕ್ತಾರ್ ಅಹಮದ್. ಇಂಗ್ಲಿಷು ಬಲ್ಲವನು. ಅಮೆರಿಕದ ಪತ್ರಕರ್ತನೊಬ್ಬ ಕೆರೆ ನೋಡಲು ಬಂದಾಗ ಶಿವಮೂರ್ತಪ್ಪನವರು ಮಾತು ತರ್ಜುಮೆ ಮಾಡಲು ಮುಕ್ತಾರನನ್ನೂ ಜೀಪು ಹತ್ತಿಸಿಕೊಂಡರು.

“ನಿನ್ನಂಗಡಿ ಇರೋದು ನಮ್ಮ ಮಳಿಗ್ಯಾಗೆ. ನೆನಪೈತಲ್ಲ?” ಅಂದರು ಮೆಲ್ಲಗೆ.

ಕನ್ನಡಕದ ಆ ತರುಣ ಪತ್ರಕರ್ತ ಕೆರೆಯಲ್ಲಿ ಬೂಟು ಬಿಚ್ಚಿ ಕೆಸರಿಗಿಳಿದ. “ನಮ್ಮಲ್ಲಿ ಗೋಧಿ ಹೆಚ್ಚಾದರೆ ಸರ್ಕಾರ ಕೊಂಡು ಹಡಗಿಗೆ ತುಂಬುತ್ತೆ. ಲಾಭ ದೊಡ್ಡ ರೈತರಿಗೆ, ಹಡಗಿನವರಿಗೆ. ವಿಯೆಟ್ನಾಮಿಗೆ ಬಾಂಬು ಕಳಿಸೋದೂ ಅದೇ ಸರ್ಕಾರ. ಇದು ಸರಿಯಲ್ಲ ಅಂತ ನಾವು ಅಲ್ಲಿ ಜಗಳ ಆಡ್ತಿದ್ದೀವಿ. ಇವರಿಗೆ ಏನು ಸಿಗ್ತಿದೆ, ಇವರ ಬಾಯಿಂದಲೇ ಕೇಳಬೇಕು” ಅಂದ ಮುಕ್ತಾರನಿಗೆ ಇಂಗ್ಲಿಷಿನಲ್ಲಿ.

ಮುಕ್ತಾರ್ ಅದನ್ನು ಕನ್ನಡದಲ್ಲಿ ಕೇಳಿದಾಗ ಸುಂಕಲಮ್ಮ ಬುಟ್ಟಿ ಇಳಿಸಿದಳು. “ಹೇಳ್ರಿ ಸಾಬ್ರೇ ಅವ್ರಿಗೆ. ಮೂರು ಸೇರಂದು ಎರಡೇ ಅಳೀತಾರೆ. ನಮಗೆ ದಾನ ಬ್ಯಾಡ. ದುಡಿದದ್ದಕ್ಕೆ ರೊಕ್ಕ ಕೊಡ್ಸಿ ಅನ್ರಿ.”

ಶಿವಮೂರ್ತಪ್ಪನವರು ಕೆಮ್ಮಿದರು. ಮುಕ್ತಾರ್ ಅವರತ್ತ ನೋಡಿದ.

“ದೊಡ್ಡ ಉಪಕಾರವಾಯಿತು ಅನ್ನುತ್ತಾಳೆ” ಅಂದ ಇಂಗ್ಲಿಷಿನಲ್ಲಿ.

“ಇಷ್ಟು ಸಿಟ್ಟಿನಿಂದಲಾ?”

“ನಮ್ಮ ಕಡೆಯವರ ಮಾತೇ ಹಾಗೆ.”

ಅಮೆರಿಕದವನು ಅದನ್ನೇ ಬರೆದುಕೊಂಡ.

ಜೀಪು ಹೊರಡುವಾಗ ಸುಂಕಲಮ್ಮ ಓಡಿ ಬಂದಳು. “ಪೂರಾ ಹೇಳಿದ್ರಾ ಸಾಬ್ರೇ?”

“ಹೇಳ್ದೆ ಅಕ್ಕಾ.”

“ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಅಂತ ಕೈ ಮುಗಿದಳು.

ಅವತ್ತಿನಿಂದ ಮುಕ್ತಾರನಿಗೆ ಅನ್ನ ಸೇರಲಿಲ್ಲ. ಹೆಂಡತಿ ಜೈನಾಬಳ ಮುಖ ನೋಡಲೂ ನಾಚಿಕೆ. ಶಿವಮೂರ್ತಪ್ಪನವರು ಕದ್ದದ್ದು ಒಂದು ಸೇರು ಗೋಧಿ, ತಾನು ಕದ್ದದ್ದು ಅವಳ ಮಾತನ್ನೇ. ಥೂ, ಇದೂ ಒಂದು ಬದುಕಾ ಅನ್ನಿಸಿತು.

ವಾರ ಕಳೆದು ಬಣ್ಣದ ಡಬ್ಬಿ ಹಿಡಿದು ಕೆರೆಗೆ ಹೋದ. ಗೋಧಿ ಅಳೆಯುತ್ತಿದ್ದರು.

“ಅಮೆರಿಕದವ್ರಿಗೇ ಹೇಳೀನಿ. ಇವತ್ತು ಮೂರು ಅಳೀರಿ” ಅನ್ನುತ್ತಿದ್ದಳು ಸುಂಕಲಮ್ಮ.

ಶಿವಮೂರ್ತಪ್ಪನವರ ಮೇಸ್ತ್ರಿ ನಕ್ಕ. “ಉಪಕಾರ ಆತು ಅಂತ ಹೇಳಿದ್ಯಂತಲ್ಲ!”

ಮುಕ್ತಾರ್ ಎಲ್ಲರ ಮುಂದೆ ಬಾಯಿಬಿಟ್ಟ. “ಅಕ್ಕಾ, ನೀವಂದಿದ್ದು ನಾನು ಹೇಳ್ಲಿಲ್ಲ. ಸುಳ್ಳು ಹೇಳ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋರ್ಡಿನತ್ತ ಕೈ ತೋರಿಸಿ, “ಹಂಗಾರೆ ಈಗ ಬರೀರಿ” ಅಂದಳು.

ಮುಕ್ತಾರ್ ಡಬ್ಬಿ ತೆರೆದ. ಕನ್ನಡದಲ್ಲಿ ಬರೆದ, ಕೆಳಗೆ ಇಂಗ್ಲಿಷಿನಲ್ಲೂ ಬರೆದ. ಮೇಸ್ತ್ರಿ ಸೈಕಲ್ ಹತ್ತಿ ಪೇಟೆ ಕಡೆ ಓಡಿದ. ಮಳಿಗೆ ಹೋಯಿತು ಅಂತ ಮುಕ್ತಾರನಿಗೆ ಗೊತ್ತಾಯಿತು. ಆದರೂ ಎದೆ ಹಗುರವಾಗಿತ್ತು. “ಓದ್ಲಾ ಅಕ್ಕಾ?” ಅಂದ.

“ನೀವು ಸುಮ್ಕಿರ್ರಿ ಸಾಬ್ರೇ” ಅಂದಳು ಸುಂಕಲಮ್ಮ. ಜೊತೆಯ ಕೂಲಿಗಳಲ್ಲಿ ಮೂರನೇ ಕ್ಲಾಸು ಓದಿದ್ದ ಬಂಗಾರಮ್ಮನನ್ನು ಮುಂದೆ ಕರೆದಳು. “ನೀ ಓದೇ. ಒಂದೊಂದೇ ಅಕ್ಷರ ನೋಡಿ ಓದು.”

ಬಂಗಾರಮ್ಮ ತಡವರಿಸುತ್ತ ಓದತೊಡಗಿದಳು. “ಮೂ...ರು ಸೇ...ರಿಗೆ ಎ...ರಡು...” ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಕೆಳಗಿಟ್ಟು ಅವಳ ಸುತ್ತ ನಿಂತರು. ಮುಕ್ತಾರ್ ತಲೆ ತಗ್ಗಿಸಿ ಎಲ್ಲರ ಹಿಂದೆ ನಿಂತ.